ಕನಕಾಂಬರಕ್ಕೆ ನೀಲಿ, ಚೆಂಡುಹೂವಿಗೆ ನೇರಳೆ

ಕಳೆದ ಸಂಚಿಕೆಯಲ್ಲಿ ಹೈಲೈಟ್ಸ್ (ಕೂದಲಿನ ಕೆಲವು ಎಳೆಗಳನ್ನಷ್ಟೇ ತಿಳಿಯಾಗಿಸುವುದು) ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ ಸಂಕಟ ಹೇಳಿಕೊಂಡಿವೆ: ‘ಹಾಕಿಸಿದಾಗ ಚೆನ್ನಾಗಿತ್ತು, ಈಗ ಕೆಂಚಾಗಿದೆ.’ ಆದ್ದರಿಂದ ಈ ಬಾರಿಯ ಅಂಕಣ ಪೂರ್ತಿ ಟೋನರ್‌ಗೆ, ಅಂದರೆ ಬ್ಲೀಚ್ ಮಾಡಿದ ಕೂದಲಿನ ಛಾಯೆ ಸರಿಪಡಿಸಲು ಮೇಲೆ ಹಚ್ಚುವ ಬಣ್ಣಕ್ಕೆ, ಮೀಸಲು. ಹೊಸ ಓದುಗರಿಗಾಗಿ ನನ್ನ ಬಗ್ಗೆ ಎರಡು ಮಾತು. ಹುಬ್ಬಳ್ಳಿಯಲ್ಲಿ 19 ವರ್ಷಗಳಿಂದ ಮೂರು ಕುರ್ಚಿಗಳ ಸಲೂನ್ ನಡೆಸುತ್ತಿದ್ದೇನೆ. ಬಣ್ಣ ನೋಡುವುದನ್ನು ಕಲಿತದ್ದು ಅದಕ್ಕಿಂತ ಬಹಳ ಮೊದಲು, ಇಳಕಲ್ಲಿನಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದ ತಂದೆಯ ಪಕ್ಕದಲ್ಲಿ ಕುಳಿತು. ನನ್ನ ಉತ್ತರಗಳಲ್ಲಿ ಅವರು ಆಗಾಗ ಬರುತ್ತಾರೆ. ಅವರನ್ನು ಬಿಟ್ಟು ಬಣ್ಣದ ಬಗ್ಗೆ ಮಾತನಾಡಲು ನನಗೆ ಬರುವುದಿಲ್ಲ.

ಪ್ರಶ್ನೆ: ವಯಸ್ಸು 34. ತಮ್ಮನ ಮದುವೆಗೆಂದು ಆ್ಯಶ್ ಬ್ರೌನ್ ಹೈಲೈಟ್ಸ್ ಹಾಕಿಸಿದ್ದೆ. ಮೂರು ವಾರ ಎಲ್ಲರೂ ಮೆಚ್ಚಿದರು. ಈಗ ಎರಡು ತಿಂಗಳಾಗಿದೆ; ಬಿಸಿಲಿಗೆ ಹೋದರೆ ಆ ಎಳೆಗಳು ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತವೆ. ತರಗತಿಯಲ್ಲಿ ಕಿಟಕಿಯ ಪಕ್ಕ ನಿಲ್ಲಲು ಮುಜುಗರವಾಗುತ್ತದೆ. ನೇರಳೆ ಶಾಂಪೂ ತರಿಸಿ ಎಂಟು ಸಲ ತೊಳೆದೆ, ಏನೂ ಬದಲಾಗಲಿಲ್ಲ. ಸಲೂನಿನವರು ಮತ್ತೊಮ್ಮೆ ಬ್ಲೀಚ್ ಮಾಡಬೇಕು ಎನ್ನುತ್ತಾರೆ. ಮಾಡಿಸಲೇ?
— ಕಾಲೇಜು ಉಪನ್ಯಾಸಕಿ, ದಾವಣಗೆರೆ

ಉತ್ತರ: ಬೇಡ. ನಿಮ್ಮ ಕೂದಲಿಗೆ ಈಗ ಬೇಕಾಗಿರುವುದು ಬಣ್ಣ, ಬ್ಲೀಚ್ ಅಲ್ಲ. ನೇರಳೆ ಶಾಂಪೂ ಕೆಲಸ ಮಾಡದಿದ್ದುದಕ್ಕೂ ಕಾರಣವಿದೆ. ಅದನ್ನು ಬಿಡಿಸಿ ಹೇಳುತ್ತೇನೆ.

ನಮ್ಮ ಕೂದಲು ಕಪ್ಪಾಗಿ ಕಂಡರೂ ಅದರೊಳಗೆ ಕಪ್ಪು-ಕಂದು ವರ್ಣಕದ ಜೊತೆಗೆ ಕೆಂಪು-ಹಳದಿ ವರ್ಣಕವೂ ಇರುತ್ತದೆ. ಬ್ಲೀಚ್ ಹಾಕಿದಾಗ ಕಪ್ಪು-ಕಂದು ಮೊದಲು ಕರಗುತ್ತದೆ. ಕೆಂಪು-ಹಳದಿ ಹಟ ಹಿಡಿದು ಕೊನೆಯವರೆಗೂ ಉಳಿಯುತ್ತದೆ. ಹೀಗಾಗಿ ಕಪ್ಪು ಕೂದಲು ತಿಳಿಯಾಗುವ ದಾರಿಯಲ್ಲಿ ಒಂದೊಂದೇ ನಿಲ್ದಾಣ ದಾಟುತ್ತದೆ. ಸಲೂನುಗಳಲ್ಲಿ ಇದನ್ನು 1ರಿಂದ 10ರವರೆಗಿನ ಲೆವೆಲ್‌ಗಳಲ್ಲಿ ಹೇಳುತ್ತೇವೆ. 1 ಎಂದರೆ ಅಚ್ಚ ಕಪ್ಪು, ನಮ್ಮಲ್ಲಿ ಹೆಚ್ಚಿನವರದು 1ರಿಂದ 3ರೊಳಗೆ. ನನ್ನ ಸಲೂನಿನಲ್ಲಿ ಕೆಲಸ ಕಲಿಯುವ ಹುಡುಗಿಯರಿಗೆ ನಾನು ಹೂವಿನ ಬುಟ್ಟಿ ತೋರಿಸಿ ಕಲಿಸುತ್ತೇನೆ. 4ಕ್ಕೆ ಬಂದಾಗ ದಾಸವಾಳದ ಕೆಂಪು ಇಣುಕುತ್ತದೆ. 5ಕ್ಕೆ ಸುಟ್ಟ ಇಟ್ಟಿಗೆ. 6ರಿಂದ 7ರ ಹೊತ್ತಿಗೆ ಕನಕಾಂಬರ. 8ಕ್ಕೆ ಚೆಂಡುಹೂವಿನ ಹಳದಿ. 10ಕ್ಕೆ ಮುಟ್ಟಿದರೆ ಬಾಳೆಹಣ್ಣಿನ ಸಿಪ್ಪೆಯ ಒಳಮೈಯ ಬಣ್ಣ.

ನಿಮ್ಮ ಎಳೆಗಳನ್ನು ಕನಕಾಂಬರದವರೆಗೆ ತಂದು, ಅದರ ಮೇಲೆ ಆ್ಯಶ್ ಟೋನರ್ ಹಾಕಿ ಬೂದು ಛಾಯೆಯ ಕಂದು ಮಾಡಿದ್ದಾರೆ. ಮದುವೆಯಲ್ಲಿ ಎಲ್ಲರೂ ಮೆಚ್ಚಿದ್ದು ಆ ಟೋನರನ್ನು. ಟೋನರ್ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬಾಳುತ್ತದೆ. ದಿನವೂ ತಲೆ ತೊಳೆಯುವವರಲ್ಲಿ ಇನ್ನೂ ಕಡಿಮೆ. ಅದು ತೊಳೆದುಹೋದ ಮೇಲೆ ಅಡಿಯಲ್ಲಿದ್ದ ಕನಕಾಂಬರ ಹೊರಬಂದಿದೆ. ನಿಮ್ಮ ಕೂದಲು ಹೊಸದಾಗಿ ಕೆಟ್ಟಿಲ್ಲ. ‘ಇದು ಆರು ವಾರದ ಬಣ್ಣ, ಮತ್ತೆ ಬರಬೇಕಾಗುತ್ತದೆ’ ಎಂದು ಮೊದಲ ದಿನವೇ ನಿಮಗೆ ಯಾರೂ ಹೇಳಲಿಲ್ಲ, ಅದು ತಪ್ಪು. ಹಣ ತೆಗೆದುಕೊಳ್ಳುವವರು ಈ ಒಂದು ಮಾತನ್ನು ನುಂಗಬಾರದು ಎಂದು ನಾನು ಎಲ್ಲಿ ಹೋದರೂ ಹೇಳುತ್ತೇನೆ.

ಈಗ ನೇರಳೆ ಶಾಂಪೂವಿನ ವಿಷಯ. ನಿಮ್ಮ ಮನೆಯಲ್ಲಿ ಬಿಳಿ ಅಂಗಿ ಒಗೆದ ಮೇಲೆ ನೀಲಿ ಹಾಕುತ್ತಿದ್ದುದು ನೆನಪಿದೆಯೇ? ನೀಲಿ ಕೊಳೆ ತೆಗೆಯುವುದಿಲ್ಲ. ಬಟ್ಟೆಯಲ್ಲಿ ಉಳಿದ ಹಳದಿ ಛಾಯೆಯ ಮೇಲೆ, ನೇರಳೆಯ ಕಡೆಗೆ ವಾಲಿದ ಎದುರು ಬಣ್ಣದ ತೆಳುವಾದ ಪದರ ಕೂಡಿಸಿ ಕಣ್ಣಿಗೆ ಬಿಳುಪು ಕಾಣುವಂತೆ ಮಾಡುತ್ತದೆ. ಟೋನರ್ ಮಾಡುವುದೂ ಇಷ್ಟೇ. ಬಣ್ಣಗಳ ಚಕ್ರದಲ್ಲಿ ಹಳದಿಯ ಎದುರಿಗೆ ನೇರಳೆ, ಕಿತ್ತಳೆಯ ಎದುರಿಗೆ ನೀಲಿ, ಕೆಂಪಿನ ಎದುರಿಗೆ ಹಸಿರು ಇರುತ್ತವೆ. ಎದುರು ಬಣ್ಣಗಳು ಸೇರಿದರೆ ಒಂದರ ಹೊಳಪನ್ನು ಇನ್ನೊಂದು ಆರಿಸುತ್ತದೆ. ನೀವು ಕಿತ್ತಳೆಗೆ ನೇರಳೆ ಹಾಕಿದಿರಿ. ಎಂಟಲ್ಲ, ಎಂಬತ್ತು ಸಲ ತೊಳೆದರೂ ಕನಕಾಂಬರ ಅಲುಗುತ್ತಿರಲಿಲ್ಲ. ನಿಮಗೆ ಬೇಕಾದದ್ದು ನೀಲಿ.

ಹಾಗಾದರೆ ಏನು ಮಾಡಬೇಕು? ಮೊದಲು ತಲೆ ತೊಳೆದು, ಎಣ್ಣೆ ಹಚ್ಚದೆ ಪೂರ್ತಿ ಒಣಗಿಸಿ, ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಬಾಗಿಲ ಬಳಿ ನಿಂತು ಎಳೆಗಳನ್ನು ನೋಡಿ. ಒದ್ದೆ ಕೂದಲು ಒಂದೆರಡು ಲೆವೆಲ್ ಗಾಢವಾಗಿ ಕಾಣುತ್ತದೆ. ಸಲೂನಿನ ಹಳದಿ ದೀಪದಲ್ಲಿ ಕಿತ್ತಳೆ ಚಿನ್ನವಾಗಿ ಕಾಣುತ್ತದೆ. ಎರಡನ್ನೂ ನಂಬಬೇಡಿ. ಕನಕಾಂಬರವೇ ಕಂಡರೆ ಸಲೂನಿಗೆ ಹೋಗಿ ಹೀಗೆ ಕೇಳಿ: ‘ಬ್ಲೀಚ್ ಬೇಡ. 6 ಅಥವಾ 7ರ ಲೆವೆಲ್‌ನ, ನೀಲಿ ಆಧಾರದ ಆ್ಯಶ್ ಡೆಮಿ-ಪರ್ಮನೆಂಟ್ ಬಣ್ಣವನ್ನು 10 ವಾಲ್ಯೂಮ್ ಅಥವಾ ಅದಕ್ಕಿಂತ ಕಡಿಮೆ ಡೆವಲಪರ್‌ನಲ್ಲಿ ಕಲಸಿ, ಹೈಲೈಟ್ ಎಳೆಗಳಿಗೆ ಮಾತ್ರ ಹಾಕಿ.’ ಡೆಮಿ-ಪರ್ಮನೆಂಟ್ ಎಂದರೆ ಕೆಲವು ವಾರಗಳಲ್ಲಿ ಸವೆದುಹೋಗುವ ಬಣ್ಣ; ಡೆವಲಪರ್ ಎಂದರೆ ಅದರೊಂದಿಗೆ ಕಲಸುವ ಪೆರಾಕ್ಸೈಡ್ ದ್ರವ. 10 ವಾಲ್ಯೂಮ್ ಎಂದರೆ 3% ಹೈಡ್ರೋಜನ್ ಪೆರಾಕ್ಸೈಡ್. ಅದು ಹೊಸ ಬಣ್ಣವನ್ನು ಒಳಗೆ ಕೂರಿಸುತ್ತದೆ, ನಿಮ್ಮ ಸ್ವಂತ ಕಪ್ಪನ್ನು ಹೆಚ್ಚು ಕದಡುವುದಿಲ್ಲ. ಅದೇ 20 ವಾಲ್ಯೂಮ್, ಅಂದರೆ 6%, ಬೇರೆ ಕಪ್ಪು ಕೂದಲಿಗೆ ತಗುಲಿದರೆ ಅಲ್ಲಿಯೂ ಕೆಂಚು ಎಬ್ಬಿಸುತ್ತದೆ. ಹೈಲೈಟ್ಸ್ ಇಲ್ಲದೆ ಬರೀ ಕಂದು ಬಣ್ಣ ಹಚ್ಚಿಸಿಕೊಂಡವರ ತಲೆಯೂ ಎರಡು ತಿಂಗಳಿಗೆ ಕೆಂಪಾಗುವುದು ಹೀಗೆಯೇ.

ಟ್ಯೂಬಿನ ಮೇಲಿನ ಸಂಖ್ಯೆಯನ್ನೂ ಓದಲು ಕಲಿಯಿರಿ. 7.1 ಎಂದಿದ್ದರೆ ಬಿಂದುವಿನ ಮೊದಲಿನದು ಲೆವೆಲ್, ನಂತರದ್ದು ಛಾಯೆ. .1 ಹೆಚ್ಚಿನ ಕಂಪನಿಗಳಲ್ಲಿ ಆ್ಯಶ್. ಆದರೆ ಒಬ್ಬರ ಆ್ಯಶ್ ನೀಲಿಯಾದರೆ ಇನ್ನೊಬ್ಬರದು ನೀಲಿ-ನೇರಳೆ, ಮತ್ತೊಬ್ಬರದು ಹಸಿರಿನ ಕಡೆಗೆ ವಾಲಿರುತ್ತದೆ. .2 ಒಂದು ಕಂಪನಿಯಲ್ಲಿ ನೇರಳೆ, ಇನ್ನೊಂದರಲ್ಲಿ ಹಸಿರು. ಆದ್ದರಿಂದ ‘ಇದರ ಆಧಾರ ಬಣ್ಣ ಯಾವುದು?’ ಎಂದು ಕೇಳಿ. ಉತ್ತರ ಹೇಳಲು ಬಾರದವರ ಕೈಗೆ ತಲೆ ಕೊಡಬೇಡಿ.

ಟೋನರ್ ಹಾಕುವಾಗ ಕೂದಲು ಟವೆಲ್‌ನಿಂದ ಒತ್ತಿ ನೀರು ತೆಗೆದಷ್ಟು ಒದ್ದೆಯಾಗಿರಬೇಕು. ಐದು ನಿಮಿಷಕ್ಕೊಮ್ಮೆ ಒಂದು ಎಳೆಯನ್ನು ಒರೆಸಿ ನೋಡಬೇಕು. ಮೇಲಿನ ಪೇಸ್ಟ್ ಕಡುನೀಲಿಯಾದರೆ ಗಾಬರಿ ಬೇಡ, ಒರೆಸಿದಾಗ ಅಡಿಯಲ್ಲಿ ಏನಿದೆ ಎಂಬುದೇ ಲೆಕ್ಕ. ಹೆಚ್ಚಿನವರಿಗೆ 10ರಿಂದ 20 ನಿಮಿಷ ಸಾಕು. ಆಮೇಲೆ ಮನೆಯಲ್ಲಿ ವಾರಕ್ಕೊಮ್ಮೆ ನೀಲಿ ಶಾಂಪೂ ಬಳಸಿ. ನೇರಳೆಯ ಬಾಟಲಿಯನ್ನು ನರೆ ಬಂದಿರುವ ಬಂಧುಗಳಿಗೆ ಕೊಟ್ಟುಬಿಡಿ.

ಇನ್ನೊಂದು ದಾರಿಯೂ ಇದೆ, ನನಗೆ ಅದೇ ಹೆಚ್ಚು ಇಷ್ಟ. ಆ್ಯಶ್ ಬಿಟ್ಟು, ಆ ಕಿತ್ತಳೆಯನ್ನು ಅರ್ಧ ಮಾತ್ರ ಆರಿಸಿ ಬೆಲ್ಲದ ಪಾಕದ ಬಣ್ಣಕ್ಕೆ ತರಲು ಹೇಳಿ. ನಮ್ಮ ಮೈಬಣ್ಣಕ್ಕೆ ಅದು ಒಗ್ಗುತ್ತದೆ, ಟೋನರ್ ಸವೆದಾಗಲೂ ಎದ್ದು ಕಾಣುವುದಿಲ್ಲ, ಆರು ವಾರಕ್ಕೊಮ್ಮೆ ಸಲೂನಿಗೆ ಓಡುವ ಖರ್ಚೂ ಉಳಿಯುತ್ತದೆ. ಕಪ್ಪು ಕೂದಲಿನೊಳಗೆ ಹುಟ್ಟಿನಿಂದ ಇರುವ ಕೆಂಪನ್ನು ಪೂರ್ತಿ ಶತ್ರುವೆಂದು ನೋಡುವುದು ನನ್ನಿಂದ ಆಗುವುದಿಲ್ಲ.

ಪ್ರಶ್ನೆ: ಹಾಸ್ಟೆಲ್‌ನಲ್ಲಿ ಗೆಳತಿಯರು ಸೇರಿ ನನ್ನ ಕೂದಲಿಗೆ ಬ್ಲೀಚ್ ಹಾಕಿ, ಆನ್‌ಲೈನ್‌ನಲ್ಲಿ ತರಿಸಿದ ಆ್ಯಶ್ ಟೋನರ್ ಹಚ್ಚಿದರು. ಈಗ ಬುಡದಲ್ಲಿ ಗಾಢ ಹಳದಿ, ನಡುವೆ ಹಸಿರು ಛಾಯೆ, ತುದಿಯಲ್ಲಿ ಮಸಿಯಂಥ ಬೂದು. ಮುಂದಿನ ವಾರ ಊರಿಗೆ ಹೋಗಬೇಕು, ಅಮ್ಮ ನೋಡಿದರೆ ಕಷ್ಟ. ನಾಳೆಯೇ ಇನ್ನೊಮ್ಮೆ ಬ್ಲೀಚ್ ಹಾಕಿ ಸರಿ ಮಾಡಬಹುದೇ?
— ವಿದ್ಯಾರ್ಥಿನಿ, 20, ಮಂಗಳೂರು

ಉತ್ತರ: ತಂಗಿ, ಮೊದಲು ಆ ಬ್ಲೀಚ್ ಪುಡಿಯ ಪೊಟ್ಟಣವನ್ನು ಯಾರ ಕೈಗೂ ಸಿಗದ ಹಾಗೆ ಇಡು. ನಿನಗೂ ಒಂದು ತಲೆಯಲ್ಲಿ ಮೂರು ಬಣ್ಣ ಬಂದದ್ದಕ್ಕೆ ಮೂರು ಕಾರಣಗಳಿವೆ, ಮೂರಕ್ಕೂ ದಾರಿ ಇದೆ.

ನೆತ್ತಿಯ ಶಾಖದಿಂದ ಬುಡದ ಸುಮಾರು ಒಂದು ಸೆಂಟಿಮೀಟರ್ ಕೂದಲು ಬೇಗ ತಿಳಿಯಾಗುತ್ತದೆ. ಆದ್ದರಿಂದಲೇ ನಾವು ಬ್ಲೀಚನ್ನು ನಡುವಿನಿಂದ ಆರಂಭಿಸಿ ಬುಡಕ್ಕೆ ಕೊನೆಯಲ್ಲಿ ಹಚ್ಚುತ್ತೇವೆ. ನಿನ್ನ ಗೆಳತಿಯರು ಬುಡದಿಂದ ಆರಂಭಿಸಿರಬೇಕು. ತುದಿಯ ಕೂದಲು ಹಳೆಯದು; ಬಿಸಿಲು, ಸ್ಟ್ರೇಟ್ನರ್, ಬಾಚಣಿಗೆ ಎಲ್ಲವನ್ನೂ ಕಂಡು ಒರಟಾಗಿ ಬಾಯಿ ತೆರೆದುಕೊಂಡಿರುತ್ತದೆ. ಬಣ್ಣವನ್ನು ಹತ್ತಿಯಂತೆ ಹೀರಿ ಮಸಿಯಾಗುತ್ತದೆ. ನಡುವಿನ ಹಸಿರಿಗೆ ಕಾರಣ ಸರಳ: ಹಳದಿಯ ಮೇಲೆ ನೀಲಿ ಬಿದ್ದಿದೆ.

ಈ ಹಸಿರನ್ನು ನಾನೂ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಬೆಂಗಳೂರಿನ ಒಂದು ಸಲೂನಿನಲ್ಲಿ. ಚೆಂಡುಹೂವಿನ ಹಳದಿಗೆ ತಿರುಗಿದ್ದ ಕೂದಲಿಗೆ ನೀಲಿ ಆಧಾರದ ಆ್ಯಶ್ ಹಚ್ಚಿ, ಪಕ್ಕದ ಗ್ರಾಹಕರ ಕೆಲಸಕ್ಕೆ ಹೋದೆ. ಹದಿನೈದು ನಿಮಿಷ ಕಳೆದು ತೊಳೆದಾಗ ಬಾವಿಯ ಮೆಟ್ಟಿಲಿನ ಪಾಚಿಯ ಬಣ್ಣ ಬಂದಿತ್ತು. ಆ ಹೆಣ್ಣುಮಗಳು ಕನ್ನಡಿ ನೋಡುತ್ತಾ ಮಾತೇ ಆಡಲಿಲ್ಲ. ಆ ಮೌನ ನನಗೆ ಇಂದಿಗೂ ಕೇಳಿಸುತ್ತದೆ. ಹಿರಿಯ ಸಹೋದ್ಯೋಗಿಯೊಬ್ಬರು ತಾಮ್ರದ ಛಾಯೆಯ ಟೋನರನ್ನು ಚೂರೇ ಚೂರು ತೆಳ್ಳಗೆ ಕಲಸಿ ಐದು ನಿಮಿಷ ಹಚ್ಚಿದರು. ತಾಮ್ರದಲ್ಲಿರುವ ಕೆಂಪು ಹಸಿರನ್ನು ಆರಿಸಿತು, ಕೂದಲು ಒಣಗಿದ ಗೋಧಿತೆನೆಯ ಬಣ್ಣಕ್ಕೆ ಬಂತು. ರಾತ್ರಿ ಫೋನಿನಲ್ಲಿ ತಂದೆಗೆ ಹೇಳಿದೆ. ‘ಹಳದಿ ನೂಲನ್ನು ನೀಲಿಯಲ್ಲಿ ಅದ್ದಿದರೆ ಹಸಿರಲ್ಲದೆ ಬೇರೇನು ಬರುತ್ತದೆ? ನಾವು ಹಸಿರು ಮಾಡುವುದೇ ಹಾಗೆ’ ಎಂದರು. ಹದಿನೇಳು ವರ್ಷ ಕಣ್ಣೆದುರೇ ನೋಡಿದ್ದನ್ನು ನಾನು ಕೂದಲಿನಲ್ಲಿ ಗುರುತಿಸಿರಲಿಲ್ಲ.

ನೀನು ಈಗ ಮಾಡಬೇಕಾದದ್ದು: ಕ್ಲಾರಿಫೈಯಿಂಗ್ ಶಾಂಪೂ (ಕೂದಲಿನ ಮೇಲೆ ಕೂತದ್ದನ್ನು ಚೆನ್ನಾಗಿ ತೊಳೆದು ತೆಗೆಯುವ ಶಾಂಪೂ) ತೆಗೆದುಕೊಂಡು, ಬೂದು ಮತ್ತು ಹಸಿರು ಇರುವ ಕಡೆ ಮಾತ್ರ ನೊರೆ ಬರಿಸಿ ಮೂರು ನಿಮಿಷ ಬಿಟ್ಟು ತೊಳೆ. ಒಂದು ದಿನ ಬಿಟ್ಟು ಮತ್ತೆ ಮಾಡು. ಪ್ರತಿ ಸಲವೂ ಧಾರಾಳವಾಗಿ ಕಂಡೀಷನರ್ ಹಚ್ಚು. ಬಣ್ಣವನ್ನು ಬೇಗ ಹೀರುವ ಕೂದಲು ಬೇಗ ಬಿಟ್ಟುಕೊಡುತ್ತದೆ ಕೂಡ. ನಾಲ್ಕೈದು ತೊಳೆತದಲ್ಲಿ ತುದಿಯ ಮಸಿ ಸಾಕಷ್ಟು ಇಳಿಯುತ್ತದೆ. ಬುಡದ ಹಳದಿಗೆ ನೇರಳೆ ಶಾಂಪೂ ಹಚ್ಚು, ತುದಿಗೆ ತಾಗಿಸಬೇಡ. ಉಳಿದ ಹಸಿರಿಗೆ ಸಲೂನಿಗೆ ಹೋಗಿ ತೆಳುವಾದ ತಾಮ್ರ ಅಥವಾ ಚಿನ್ನದ ಛಾಯೆ ಕೇಳು.

ಅದಕ್ಕೂ ಮೊದಲು ಒಂದು ಪರೀಕ್ಷೆ. ಒದ್ದೆ ಕೂದಲಿನ ಒಂದು ಎಳೆಯನ್ನು ಎರಡು ಬೆರಳುಗಳಲ್ಲಿ ಹಿಡಿದು ಮೆಲ್ಲಗೆ ಎಳೆ. ಸ್ವಲ್ಪ ಹಿಗ್ಗಿ ಹಿಂದಕ್ಕೆ ಬಂದರೆ ಸರಿ. ನೆನೆಸಿದ ಶಾವಿಗೆಯಂತೆ ಹಿಗ್ಗಿ ಹಾಗೆಯೇ ಉಳಿದರೆ, ಅಥವಾ ತುಂಡಾದರೆ, ಮೂರು ತಿಂಗಳು ಯಾವ ರಾಸಾಯನಿಕವನ್ನೂ ಮುಟ್ಟಿಸಬೇಡ. ನೆತ್ತಿ ಉರಿಯುತ್ತಿದ್ದರೆ ಅಥವಾ ಹುಣ್ಣಾಗಿದ್ದರೆ ಸಲೂನಿಗಲ್ಲ, ಚರ್ಮವೈದ್ಯರ ಬಳಿಗೆ ಹೋಗು. ಅಮ್ಮನಿಗೆ ಊರಿಗೆ ಹೋಗುವ ಮುನ್ನವೇ ಫೋನ್ ಮಾಡಿ ಹೇಳಿಬಿಡು. ಜಡೆ ಹೆಣೆದರೆ ಮೂರು ಬಣ್ಣವೂ ಅಷ್ಟಾಗಿ ಕಾಣುವುದಿಲ್ಲ.

ಪ್ರಶ್ನೆ: ಹತ್ತು ವರ್ಷಗಳಿಂದ ನರೆಗೆ ಮದರಂಗಿ ಹಚ್ಚುತ್ತಿದ್ದೇನೆ. ಬಿಳಿ ಇದ್ದ ಕಡೆಯಲ್ಲೆಲ್ಲ ಕೇಸರಿ ಬಣ್ಣ. ಟೋನರ್ ಹಾಕಿಸಿದರೆ ಕಂದು ಬರುತ್ತದೆಯೇ? ಮಗಳು ‘ಬ್ಲೀಚ್ ಮಾಡಿಸಿ ಮದರಂಗಿ ತೆಗೆಸಿಬಿಡು’ ಎನ್ನುತ್ತಾಳೆ.
— ಗೃಹಿಣಿ, 52, ಧಾರವಾಡ

ಉತ್ತರ: ಮಗಳಿಗೆ ಬೇಡ ಎಂದು ಹೇಳಿ. ಮದರಂಗಿ ಎಲೆಯಲ್ಲಿರುವ ಲಾಸೋನ್ ಎಂಬ ವರ್ಣಕ ಕೂದಲಿನ ಕೆರಟಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಕೂರುತ್ತದೆ. ಹತ್ತು ವರ್ಷದ ಪದರಗಳನ್ನು ಬ್ಲೀಚ್ ಪೂರ್ತಿ ಎಬ್ಬಿಸಲಾರದು. ಎಬ್ಬಿಸುವ ಮೊದಲು ಕೂದಲೇ ಸೋಲುತ್ತದೆ.

ಟೋನರ್ ಸಾಧ್ಯವೇ ಎಂಬುದು ನೀವು ಹಚ್ಚಿದ ಪುಡಿಯಲ್ಲಿ ಏನಿತ್ತು ಎಂಬುದರ ಮೇಲೆ ನಿಂತಿದೆ. ಎಲೆ ಒಣಗಿಸಿ ಪುಡಿ ಮಾಡಿದ ಶುದ್ಧ ಮದರಂಗಿಯಾಗಿದ್ದರೆ ತೊಂದರೆ ಕಡಿಮೆ. ಅಂಗಡಿಯಲ್ಲಿ ಸಿಗುವ ಕೆಲವು ಮಿಶ್ರಣಗಳಲ್ಲಿ ಲೋಹದ ಲವಣಗಳಿರುತ್ತವೆ. ಅವುಗಳ ಮೇಲೆ ಪೆರಾಕ್ಸೈಡ್ ಬಿದ್ದರೆ ಕೂದಲು ಬಿಸಿಯಾಗಿ ಹೊಗೆಯಾಡುವ ಅಪಾಯವಿದೆ. ತಿಳಿದ ಸಲೂನಿನವರು ನಿಮ್ಮ ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಗಾಜಿನ ಬಟ್ಟಲಲ್ಲಿ ಡೆವಲಪರ್ ಮತ್ತು ಕೆಲವು ಹನಿ ಅಮೋನಿಯಾದೊಂದಿಗೆ ಅರ್ಧ ಗಂಟೆ ಇಟ್ಟು ನೋಡುತ್ತಾರೆ. ಬಟ್ಟಲು ಬಿಸಿಯಾದರೆ, ನೊರೆಯುಕ್ಕಿದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಇದನ್ನು ಮನೆಯಲ್ಲಿ ಮಾಡಬೇಡಿ. ಪರೀಕ್ಷೆಯಲ್ಲಿ ಗೆದ್ದರೆ, ನಿಮ್ಮ ಕೇಸರಿಗಿಂತ ಒಂದು ಲೆವೆಲ್ ಗಾಢವಾದ ಆ್ಯಶ್ ಕಂದು ಹಚ್ಚಿಸಬಹುದು. ಕೇಸರಿ ಅಳಿಯುವುದಿಲ್ಲ, ತಣ್ಣಗಾಗುತ್ತದೆ.

ಆದರೆ ನಿಮಗೆ ಟೋನರ್ ಬೇಕೇಬೇಕೇ? ಮದರಂಗಿ ತೊಳೆದ ಮೇಲೆ ನೀಲಿ ಗಿಡದ ಎಲೆಯ ಪುಡಿ ಹಚ್ಚುವ ಪದ್ಧತಿ ಉಂಟಲ್ಲ, ಅದೇ ನಮ್ಮ ಹಳೆಯ ಟೋನರ್. ಕಿತ್ತಳೆಯ ಮೇಲೆ ನೀಲಿ, ಫಲಿತಾಂಶ ಕಂದು. ಬಣ್ಣದ ಚಕ್ರದ ಚಿತ್ರ ನೋಡದ ಹೆಂಗಸರು ಅದನ್ನು ಕೈಯಲ್ಲಿ ಮಾಡಿ ಕಂಡುಕೊಂಡಿದ್ದರು ಎನ್ನುವುದು ನನಗೆ ದೊಡ್ಡ ವಿಷಯ. ಪುಡಿಯನ್ನು ಬೆಚ್ಚಗಿನ ನೀರಿನಲ್ಲಿ ಕಲಸಿ ಹತ್ತು-ಹದಿನೈದು ನಿಮಿಷ ಬಿಟ್ಟು ಕೂಡಲೇ ಹಚ್ಚಬೇಕು, ಮದರಂಗಿಯಂತೆ ರಾತ್ರಿಯಿಡೀ ನೆನೆಸಿದರೆ ನೀಲಿ ಸತ್ತುಹೋಗುತ್ತದೆ. ಮೊದಲು ಇಪ್ಪತ್ತು ನಿಮಿಷ ಇಟ್ಟು ಕಿವಿಯ ಹಿಂದಿನ ಒಂದು ಎಳೆಯಲ್ಲಿ ನೋಡಿ. ಹೆಚ್ಚು ಹೊತ್ತು ಇಟ್ಟಷ್ಟೂ ಕಪ್ಪಿನ ಕಡೆಗೆ ಹೋಗುತ್ತದೆ. ತೊಳೆದ ಮೊದಲ ದಿನ ಹಸಿರು ಛಾಯೆ ಕಂಡರೆ ಹೆದರಬೇಡಿ, ಒಂದೆರಡು ದಿನ ಗಾಳಿಗೆ ಆಡಿದ ಮೇಲೆ ಬಣ್ಣ ಕುದುರುತ್ತದೆ. ನೀಲಿ ಎಲೆ ಹಚ್ಚಿದ ಮೇಲೆ ಮಾತ್ರ ಬ್ಲೀಚ್‌ನ ಆಸೆ ಬಿಟ್ಟುಬಿಡಿ. ಬ್ಲೀಚ್ ಬಿದ್ದರೆ ಅದು ಹೋಗಲಾರದ ಹಸಿರಾಗಬಹುದು. ‘ಕಪ್ಪು ಮದರಂಗಿ’ ಎಂದು ಮಾರುವುದನ್ನು ಕೊಳ್ಳಬೇಡಿ. ಮದರಂಗಿ ಎಲೆಗೆ ಕಪ್ಪು ಬಣ್ಣವೇ ಇಲ್ಲ. ಆ ಕಪ್ಪು ಹೆಚ್ಚಾಗಿ ಪಿಪಿಡಿ ಎಂಬ ರಾಸಾಯನಿಕದ್ದು, ಚರ್ಮಕ್ಕೆ ತೀವ್ರ ಅಲರ್ಜಿ ತರಬಲ್ಲದು.

ಪ್ರಶ್ನೆ: ನನ್ನ ತಾಯಿಗೆ 74 ವರ್ಷ. ಬೆಳ್ಳಿಯಂಥ ಬಿಳಿ ಕೂದಲು ಅವರ ಹೆಮ್ಮೆ. ಊರಿನಿಂದ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿಗೆ ಬಂದ ಆರು ತಿಂಗಳಲ್ಲಿ ಅದು ಹಳದಿಯಾಗಿದೆ. ‘ನನ್ನ ಕೂದಲು ಹಳೆಯ ಕಾಗದದಂತಾಯಿತು’ ಎಂದು ಬೇಸರಪಡುತ್ತಾರೆ. ಬಣ್ಣ ಹಾಕಿಸಿಕೊಳ್ಳಲು ಒಪ್ಪುವುದಿಲ್ಲ. ಏನಾದರೂ ಮಾಡಬಹುದೇ?
— ಮಗ, ಬೆಂಗಳೂರು

ಉತ್ತರ: ಖಂಡಿತ ಮಾಡಬಹುದು. ತಾಯಿಯ ಕೂದಲಿನ ಬಗ್ಗೆ ಮಗ ಬರೆದ ಪತ್ರ ನನಗೆ ಇದೇ ಮೊದಲನೆಯದು. ಎರಡು ಸಲ ಓದಿದೆ.

ಬಿಳಿ ಕೂದಲಿನಲ್ಲಿ ವರ್ಣಕ ಇಲ್ಲದಿರುವುದರಿಂದ ಹೊರಗಿನ ಯಾವ ಕಲೆಯಾದರೂ ನೇರವಾಗಿ ಕಾಣುತ್ತದೆ. ಬಿಸಿಲು ಹಳದಿ ಮಾಡುತ್ತದೆ, ಹೊಗೆ ಮಾಡುತ್ತದೆ, ಬಣ್ಣ ಬೆರೆಸಿದ ತಲೆಗೆ ಹಚ್ಚುವ ಎಣ್ಣೆ ಮಾಡುತ್ತದೆ. ಆದರೆ ಊರು ಬದಲಾದ ಆರು ತಿಂಗಳಲ್ಲಿ ಆಗಿದೆ ಎಂದರೆ ನಾನು ಮೊದಲು ನೀರನ್ನು ಅನುಮಾನಿಸುತ್ತೇನೆ. ನಿಮ್ಮ ಕಟ್ಟಡಕ್ಕೆ ಕೊಳವೆಬಾವಿಯ ನೀರೋ ಟ್ಯಾಂಕರ್ ನೀರೋ ಬರುತ್ತಿದ್ದರೆ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕೆಲವೊಮ್ಮೆ ಕಬ್ಬಿಣವೂ ಹೆಚ್ಚಿರುತ್ತದೆ. ಬಕೆಟ್ಟಿನ ಒಳಗೆ ಬಿಳಿ ಪೊರೆ ಕಟ್ಟುತ್ತದೆಯೇ, ಸೋಪು ನೊರೆ ಕೊಡಲು ತಕರಾರು ಮಾಡುತ್ತದೆಯೇ ನೋಡಿ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ನಿಮ್ಮ ಸಂಘದವರ ಬಳಿ ನೀರಿನ ಪರೀಕ್ಷೆಯ ವರದಿ ಇರುತ್ತದೆ, ಕೇಳಿ.

ಮೊದಲು ಈ ಲವಣಗಳನ್ನು ಇಳಿಸಬೇಕು. ಕೀಲೇಟಿಂಗ್ ಶಾಂಪೂ ಎಂದು ಕೇಳಿ ತನ್ನಿ. ಬಾಟಲಿಯ ಹಿಂದೆ ಸಾಮಾನ್ಯವಾಗಿ ಇಡಿಟಿಎ ಎಂಬ ಹೆಸರು ಇರುತ್ತದೆ. ಅದು ಲೋಹದ ಕಣಗಳನ್ನು ಹಿಡಿದು ನೀರಿನೊಂದಿಗೆ ಒಯ್ಯುತ್ತದೆ. ಹದಿನೈದು ದಿನಕ್ಕೊಮ್ಮೆ ಸಾಕು. ಮರುವಾರ ನೇರಳೆ ಶಾಂಪೂ. ಅಂಗೈಯಲ್ಲಿ ಸಾದಾ ಶಾಂಪೂವಿನೊಂದಿಗೆ ಅರ್ಧಕ್ಕರ್ಧ ಬೆರೆಸಿ, ಎರಡು ನಿಮಿಷ ಇಟ್ಟು ತೊಳೆಯಿರಿ. ಬಾಟಲಿಯ ಮೇಲೆ ಹತ್ತು ನಿಮಿಷ ಎಂದು ಬರೆದಿದ್ದರೂ ನಂಬಬೇಡಿ. ಅಪ್ಪಟ ಬಿಳಿ ಕೂದಲು ಮೂರನೆಯ ನಿಮಿಷಕ್ಕೇ ನೇರಳೆ ಹೂವಾಗಬಹುದು. ಕೊನೆಯ ಒಂದು ಚೊಂಬು ನೀರು ಮಾತ್ರ ಅಡುಗೆಮನೆಯ ಫಿಲ್ಟರಿನದಾಗಿರಲಿ.

ಬಟ್ಟೆಗೆ ಹಾಕುವ ನೀಲಿಯನ್ನೇ ಎರಡು ಹನಿ ತಲೆಗೆ ಹಾಕಬಹುದೇ ಎಂದು ಕೆಲವರು ಕೇಳುತ್ತಾರೆ. ಬೇಡ. ಅದು ಚರ್ಮಕ್ಕೆಂದು ಮಾಡಿದ್ದಲ್ಲ, ಮತ್ತು ಹಳದಿಯ ಮೇಲೆ ನೀಲಿ ಹೆಚ್ಚಾದರೆ ಏನಾಗುತ್ತದೆ ಎಂಬುದನ್ನು ಮೇಲಿನ ಪತ್ರದಲ್ಲಿ ಓದಿದ್ದೀರಿ. ಕೊಬ್ಬರಿ ಎಣ್ಣೆ ಬಿಡುವುದು ಬೇಡ. ಬಣ್ಣ ಬೆರೆಸದ ಶುದ್ಧ ಎಣ್ಣೆಯನ್ನು ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯಲಿ. ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ.

ಪ್ರಶ್ನೆ: ದೀಪಾವಳಿಗೆ ಎಣ್ಣೆ ಸ್ನಾನ ಮಾಡಿ ಸೀಗೆಕಾಯಿ ಹಾಕಿ ತೊಳೆದರೆ ಟೋನರ್ ಹೋಗುತ್ತದೆಯೇ? ಅತ್ತೆ ಬಿಡುವುದಿಲ್ಲ.
— ಶಿವಮೊಗ್ಗ

ಉತ್ತರ: ಸ್ವಲ್ಪ ಹೋಗುತ್ತದೆ. ಎಣ್ಣೆಯಿಂದ ಅಷ್ಟಲ್ಲ, ಎಣ್ಣೆ ಬಿಡಿಸಲು ಸುಡುವ ನೀರು ಸುರಿದುಕೊಂಡು ಸೀಗೆಪುಡಿಯಿಂದ ತಿಕ್ಕುವುದರಿಂದ. ನೀರು ತುಂಬುವ ಹಬ್ಬದ ಅಭ್ಯಂಜನವನ್ನು ಆರು ವಾರದ ಬಣ್ಣಕ್ಕಾಗಿ ಬಿಡಬೇಡಿ. ಟೋನರ್ ಹಾಕಿಸುವುದನ್ನೇ ಹಬ್ಬದ ಮರುವಾರಕ್ಕೆ ಇಟ್ಟುಕೊಳ್ಳಿ. ಈಗಾಗಲೇ ಹಾಕಿಸಿದ್ದರೆ ನೆತ್ತಿಗೆ ಮಾತ್ರ ಎಣ್ಣೆ, ತಲೆಗೆ ಉಗುರುಬೆಚ್ಚಗಿನ ನೀರು, ಮೈಗೆ ಅತ್ತೆ ಹೇಳಿದಷ್ಟು ಬಿಸಿ.

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ಹೇರ್ ಡೈ ಹಚ್ಚಿ ಕಣ್ಣು, ಮುಖ ಊದಿಕೊಂಡಿತ್ತು. ಟೋನರ್ ಸೌಮ್ಯ ಎನ್ನುತ್ತಾರೆ. ಹಾಕಿಸಬಹುದೇ?
— ತುಮಕೂರು

ಉತ್ತರ: ಚರ್ಮವೈದ್ಯರು ಪರೀಕ್ಷಿಸಿ ಒಪ್ಪುವವರೆಗೆ ಹಾಕಿಸಬೇಡಿ. ಡೆವಲಪರ್ ಬೆರೆಸುವ ಟೋನರ್‌ಗಳಲ್ಲಿಯೂ ಹೇರ್ ಡೈಗಳಲ್ಲಿರುವ ಅದೇ ಕುಟುಂಬದ ರಾಸಾಯನಿಕಗಳಿರುತ್ತವೆ. ಒಮ್ಮೆ ಅಲರ್ಜಿ ಆದವರಿಗೆ ಎರಡನೆಯ ಸಲ ಇನ್ನೂ ಜೋರಾಗಬಹುದು. ಸಲೂನಿನಲ್ಲಿ ‘ಅಮೋನಿಯಾ ಇಲ್ಲ’ ಎಂದರೆ ಸಮಾಧಾನಪಡಬೇಡಿ. ಅಲರ್ಜಿಗೂ ಅಮೋನಿಯಾಕ್ಕೂ ಸಂಬಂಧ ಕಡಿಮೆ. ಈ ತೊಂದರೆ ಇಲ್ಲದವರೂ ಪ್ರತಿ ಹೊಸ ಬಣ್ಣಕ್ಕೆ ಮೊದಲು ಕಿವಿಯ ಹಿಂದೆ ಚೂರು ಹಚ್ಚಿ 48 ಗಂಟೆ ಕಾಯಬೇಕು. ನನ್ನ ಸಲೂನಿನಲ್ಲಿ ಇದಕ್ಕೆ ಒಪ್ಪದವರನ್ನು, ಎಷ್ಟೇ ಹಳೆಯ ಗ್ರಾಹಕರಾಗಲಿ, ಹಿಂದಕ್ಕೆ ಕಳುಹಿಸಿದ್ದೇನೆ.

ಪ್ರಶ್ನೆ: ಬ್ಯೂಟಿಪಾರ್ಲರ್ ಕೋರ್ಸ್ ಮುಗಿಸಿ ಊರಿನಲ್ಲಿ ಸಣ್ಣ ಪಾರ್ಲರ್ ತೆರೆದಿದ್ದೇನೆ. ಕಟಿಂಗ್ ಧೈರ್ಯವಾಗಿ ಮಾಡುತ್ತೇನೆ, ಬಣ್ಣ ಎಂದರೆ ಕೈ ನಡುಗುತ್ತದೆ. ಯಾವ ಟೋನರ್ ಹಾಕಬೇಕೆಂದು ಕೂದಲು ನೋಡಿ ಹೇಳುವುದನ್ನು ಹೇಗೆ ಕಲಿಯುವುದು?
— ಬಾಗಲಕೋಟೆ ಜಿಲ್ಲೆ

ಉತ್ತರ: ನಮ್ಮ ಕಡೆಯ ಹುಡುಗಿ ನೀನು. ನಡುಗುವ ಕೈ ಒಳ್ಳೆಯದು, ಅದು ಅಳತೆ ಮಾಡುತ್ತದೆ. ಮೊದಲು ಗ್ರಾಂ ತೂಗುವ ಸಣ್ಣ ತಕ್ಕಡಿ ಕೊಳ್ಳು. ಕಣ್ಣಂದಾಜಿನಲ್ಲಿ ಕಲಸಿದ ಬಣ್ಣ ಎರಡನೆಯ ಸಲ ಬರುವುದಿಲ್ಲ.

ನನ್ನ ತಂದೆಯ ಹತ್ತಿರ ಒಂದು ಉದ್ದನೆಯ ಲೆಕ್ಕದ ಪುಸ್ತಕವಿತ್ತು. ಪ್ರತಿ ಬಣ್ಣದ ನೂಲಿನ ಚಿಕ್ಕ ಕುಚ್ಚನ್ನು ಹಾಳೆಗೆ ತೂತು ಮಾಡಿ ಕಟ್ಟಿ, ಪಕ್ಕದಲ್ಲಿ ಎಷ್ಟು ಬಣ್ಣ, ಎಷ್ಟು ನೀರು, ಎಷ್ಟು ಹೊತ್ತು ಎಂದು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದರು. ನಾನು ಕೂದಲಿಗೆ ಅದನ್ನೇ ಮಾಡಿದೆ. ಕತ್ತರಿಸಿ ಬಿದ್ದ ಉದ್ದ ಕೂದಲನ್ನು, ಗ್ರಾಹಕರನ್ನು ಕೇಳಿ, ಎತ್ತಿಟ್ಟುಕೋ. ಬಣ್ಣ, ಮದರಂಗಿ ಕಾಣದ ಕೂದಲಾಗಿರಬೇಕು. ಬೆರಳಿನ ದಪ್ಪದ ಹತ್ತು ಕುಚ್ಚು ಕಟ್ಟು. 20 ವಾಲ್ಯೂಮ್‌ನಲ್ಲಿ ಕಲಸಿದ ಬ್ಲೀಚ್ ಹಚ್ಚಿ, ಐದು ನಿಮಿಷಕ್ಕೊಂದರಂತೆ ತೆಗೆದು ತೊಳೆದು ನೆರಳಿನಲ್ಲಿ ಒಣಗಿಸು. ಕೈಗವಸು ಹಾಕಿಕೋ, ಕಿಟಕಿ ತೆರೆದಿಡು. ಆ ಪುಡಿ ಉಸಿರಿಗೆ ಹೋಗಬಾರದು. ದಾಸವಾಳದಿಂದ ಚೆಂಡುಹೂವಿನವರೆಗೆ ನಿನ್ನದೇ ಸಾಲು ಸಿದ್ಧವಾಗುತ್ತದೆ. ಒಂದೊಂದು ಕುಚ್ಚನ್ನೂ ಮೂರು ಪಾಲು ಮಾಡಿ ನೀಲಿ, ನೇರಳೆ, ಹಸಿರು ಆಧಾರದ ಟೋನರ್ ಹಚ್ಚಿ ನೋಡು. ಯಾವುದು ಕೆಟ್ಟಿತೋ ಅದನ್ನು ಎಸೆಯಬೇಡ, ಅದನ್ನೂ ಅಂಟಿಸು. ನನ್ನ ಪುಸ್ತಕದ ಪಾಚಿ ಬಣ್ಣದ ಹಾಳೆಯನ್ನೇ ನಾನು ಹೆಚ್ಚು ಸಲ ತಿರುವಿ ನೋಡಿದ್ದೇನೆ. ಮೊದಲ ಹಾಳೆಯಲ್ಲಿ ಮಾತ್ರ ಏನೂ ಹಚ್ಚದ ಕಪ್ಪು ಕೂದಲಿನ ಕುಚ್ಚು ಇರಲಿ. ಬಿಸಿಲಿಗೆ ಹಿಡಿದು ನೋಡು, ಅದರೊಳಗೂ ಕೆಂಪು ಕಾಣುತ್ತದೆ.